ವಿಮಲಾ ಮನೆಯ ಗುಂಡುಕಲ್ಲು

ವಿಮಲಾ ಮನೆಯ ಗುಂಡುಕಲ್ಲು ಹಡಗಿನಲ್ಲಿ ಕಳೆದುಹೋಗಲಿಲ್ಲ. ಬಂದರಿನಲ್ಲಿ ಯಾರೂ ಕದಿಯಲೂ ಇಲ್ಲ. ಪೆಟ್ಟಿಗೆಯಿಂದ ಅದನ್ನು ಎತ್ತಿ, ಮೇಲಿದ್ದ ಹಸಿರು ಚೀಟಿ ಕಿತ್ತು, ಅಮೇರಿಕಾದ ನೋವೈಯಲ್ಲಿದ್ದ ಅವರ ಮನೆ ಮುಂದಿನ ಹೂವಿನ ಪಾತಿಯಲ್ಲಿ ಇಟ್ಟು ಬಂದವಳು ನಾನು. ಕಂಪನಿಯ ಕಾಗದದಲ್ಲಿ 'ಸಾಗಣೆಯಲ್ಲಿ ಕಾಣೆ' ಅಂತ ಇದೆ. ಕಾಗದ ಸುಳ್ಳು.

ಈಗ ಈ ಕೆಲಸಕ್ಕೆ ಸೇರುತ್ತಿರುವ ನಮ್ಮ ಹೆಣ್ಣುಮಕ್ಕಳು ನನ್ನ ಹತ್ತಿರ ಬಂದು, "ಗೌರಮ್ಮ ಆಂಟಿ, ಇಪ್ಪತ್ತೆರಡು ವರ್ಷದಲ್ಲಿ ನಿಮ್ಮ ಕೈಯಲ್ಲಿ ಒಂದು ಲೋಟಾನೂ ಒಡೆದಿಲ್ವಂತೆ, ಹೌದಾ?" ಅಂತ ಕೇಳುತ್ತಾರೆ. ಯಾರು ಹೇಳಿದರೋ ಗೊತ್ತಿಲ್ಲ. ಲೋಟ ಒಡೆದಿದೆ. ಎರಡು ಕನ್ನಡಿ ಒಡೆದಿವೆ. ಒಂದು ವೀಣೆಯ ಕುತ್ತಿಗೆ ಬಿರುಕು ಬಿಟ್ಟಿದೆ. ಅವಕ್ಕೆಲ್ಲ ಇನ್ಶೂರೆನ್ಸ್ ಇತ್ತು. ನಾನು ನಿಜವಾಗಿ ಹಾಳು ಮಾಡಿದ್ದು ಒಡೆಯಲಿಕ್ಕೇ ಆಗದ ಒಂದು ವಸ್ತುವನ್ನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಓದಿದ್ದು ಏಳನೇ ಕ್ಲಾಸು, ಅರಸೀಕೆರೆ ಹತ್ತಿರದ ಹಳ್ಳಿ ಶಾಲೆಯಲ್ಲಿ. ನಮ್ಮ ಮನೆಯವರು ಲೇತ್ ಮೆಷಿನ್ ಕೆಲಸದವರು. ನೋವೈ ಪಕ್ಕದ ಲಿವೋನಿಯಾದ ಒಂದು ಫ್ಯಾಕ್ಟರಿ ಅವರನ್ನು ಕರೆಸಿಕೊಂಡಿತು, ಒಂಬತ್ತು ವರ್ಷ ಇಟ್ಟುಕೊಂಡಿತು, ಆಮೇಲೆ ಬಾಗಿಲು ಹಾಕಿತು. ಶಿಕಾಗೋ ಕಡೆ ಕೆಲಸ ಸಿಕ್ಕಿತು ಅಂತ ಎಲ್ಕ್ ಗ್ರೋವ್ ವಿಲೇಜಿಗೆ ಬಂದೆವು. ಹೆಸರಿನಲ್ಲಿ ವಿಲೇಜ್ ಇದೆ, ಕಣ್ಣಿಗೆ ಕಾಣುವುದು ಬರೀ ಗೋಡೌನು. ಅಂಥ ಒಂದು ಗೋಡೌನಿನಲ್ಲಿ, ಮನೆ ಸಾಮಾನು ಕಟ್ಟಿ ದೇಶದಿಂದ ದೇಶಕ್ಕೆ ಕಳಿಸುವ ಕಂಪನಿಯಲ್ಲಿ, ನಾನು ಪ್ಯಾಕಿಂಗ್ ಕೆಲಸಕ್ಕೆ ಸೇರಿದೆ. ನಡುವೆ ಒಮ್ಮೆ ಸೂಪರ್‌ವೈಸರ್ ಆಗು ಅಂದರು. ಬರೆಯೋದು ಜಾಸ್ತಿ, ಬೇಡ ಅಂದೆ. ಬಡ್ತಿಯ ವಿಷಯ ಇಷ್ಟೇ.

ಆ ಗೋಡೌನಿನ ಬೆಳಗು ಈಗಲೂ ನೆನಪಿಗೆ ಬರುತ್ತದೆ. ಆರು ಗಂಟೆಗೆ ಹೋದರೆ ಹೊಸ ರಟ್ಟಿನ ವಾಸನೆ. ಟೇಪು ಎಳೆಯುವ ಕಿರ್ರ್ ಸದ್ದು. ತಲೆ ಮೇಲೆ ಎರಡೆರಡು ನಿಮಿಷಕ್ಕೆ ವಿಮಾನ, ಎಷ್ಟು ಕೆಳಗೆ ಅಂದರೆ ಚಕ್ರ ಕಾಣುತ್ತಿತ್ತು. ಜನವರಿಯಲ್ಲಿ ಹೊರಗೆ ಇಲ್ಲಿನ ಲೆಕ್ಕದ ಐದು ಡಿಗ್ರಿ, ಅಂದರೆ ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಹದಿನೈದು ಕೆಳಗೆ, ಇರುವಾಗ ಟ್ರಕ್ಕಿಗೆಂದು ದೊಡ್ಡ ಬಾಗಿಲು ಎತ್ತಿದರೆ ಮೂಗಿನೊಳಗಿನ ಕೂದಲು ಗಟ್ಟಿಯಾಗುತ್ತಿತ್ತು. ಆಗ ಬೈದುಕೊಳ್ಳುತ್ತಿದ್ದೆ. ಈಗ ಮನೆಯಲ್ಲಿ ಬೆಚ್ಚಗೆ ಕೂತು ಆ ಚಳಿಯನ್ನೇ ನೆನೆಯುತ್ತೇನೆ. ಮನುಷ್ಯರಿಗೆ ಬುದ್ಧಿ ಇಲ್ಲ.

ನಮ್ಮ ಮೇಲಿನವಳು ಹಲೀನಾ. ಪೋಲೆಂಡಿನಿಂದ ಬಂದವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು, ತೋಳು ಗಂಡಸಿನದು. ಗೌರಿ ಅನ್ನಲು ಬಾರದೆ 'ಗೋರಿ' ಅನ್ನುತ್ತಿದ್ದಳು. ನಮ್ಮ ಭಾಷೆಯಲ್ಲಿ ಅದಕ್ಕೇನರ್ಥ ಅಂತ ಕೊನೆಯವರೆಗೂ ನಾನು ಹೇಳಲಿಲ್ಲ. ಅವಳ ಇಂಗ್ಲಿಷೂ ಮುರುಕು, ನನ್ನದೂ ಮುರುಕು, ಆದ್ದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅವಳು ಬೀಟ್‌ರೂಟ್ ಸಾರು ತರುವಳು, ನಾನು ಚಿತ್ರಾನ್ನ ತರುವೆ. ಅವಳ ಸಾರಿಗೆ ನಾನು ಡಬ್ಬಿಯಿಂದ ಚಿಟಿಕೆ ಮೆಣಸಿನಪುಡಿ ಹಾಕುವೆ. "ನನ್ನ ಅಜ್ಜಿ ನೋಡಿದರೆ ಸಮಾಧಿಯಿಂದ ಎದ್ದು ಬರುತ್ತಾಳೆ" ಅನ್ನುವಳು, ಬಟ್ಟಲು ಮುಂದೆ ಒಡ್ಡುವಳು.

ಕೆಲಸ ಕಲಿಸಿದವಳು ಅವಳು. ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಬೇಡ, ಒಂದರ ಪಕ್ಕ ಒಂದು ನಿಲ್ಲಿಸು. ಮಲಗಿದ ತಟ್ಟೆ ಒಡೆಯುತ್ತೆ, ನಿಂತ ತಟ್ಟೆ ಒಡೆಯಲ್ಲ. ಪುಸ್ತಕ ಚಿಕ್ಕ ಪೆಟ್ಟಿಗೆಗೆ, ದಿಂಬು ದೊಡ್ಡ ಪೆಟ್ಟಿಗೆಗೆ. ಇದನ್ನು ನಾನು ಮೊದಲ ವಾರವೇ ತಿರುಗಾಮುರುಗಾ ಮಾಡಿದೆ. ಒಬ್ಬ ಪ್ರೊಫೆಸರ್ ಮನೆಯ ಪುಸ್ತಕವನ್ನೆಲ್ಲ ಅತಿ ದೊಡ್ಡ ಪೆಟ್ಟಿಗೆಯಲ್ಲಿ ಜೋಡಿಸಿ ಟೇಪು ಹಾಕಿ ಹೆಮ್ಮೆಯಿಂದ ನಿಂತೆ. ನಮ್ಮ ಟ್ರಕ್ ಓಡಿಸುವ ಮಾರ್ಕಸ್ ಆರಡಿ ಆಳು, ಎರಡು ಸಲ ಎತ್ತಿ ನೋಡಿದ. ಅಲುಗಲಿಲ್ಲ. ಪೆಟ್ಟಿಗೆ ಮೇಲೆ ಕೂತು ಊಟದ ಡಬ್ಬಿ ಬಿಚ್ಚಿದ. "ಇದು ಪೆಟ್ಟಿಗೆ ಅಲ್ಲ ಮೇಡಂ, ಕುರ್ಚಿ" ಅಂದ.

ನಮ್ಮವರ ಮನೆಗಳು ಬಂದರೆ ಹಲೀನಾ ನನ್ನನ್ನು ಮುಂದೆ ಬಿಡುತ್ತಿದ್ದಳು. ಅವಳಿಗೆ ಒತ್ತುಶ್ಯಾವಿಗೆ ಮಣೆ ಯಾವುದು, ಈಳಿಗೆಮಣೆ ಯಾವುದು ಗೊತ್ತಿಲ್ಲ. ನನಗೆ ಗೊತ್ತು. ಕೋಣೆಯಿಂದ ಕೋಣೆಗೆ ಹೋಗಿ, ಹಡಗಿಗೆ ಹೋಗುವುದಕ್ಕೆ ಹಸಿರು ಚೀಟಿ, ಇಲ್ಲೇ ಬಿಡುವುದಕ್ಕೆ ಕೆಂಪು ಚೀಟಿ ಅಂಟಿಸುತ್ತಾ ಹೋಗಬೇಕು. ಯಜಮಾನಿ ಅಂಟಿಸಬೇಕು, ನಾವು ಸಲಹೆ ಕೊಡಬೇಕು. ನಾನು ಸಲಹೆ ಕೊಡುವವಳಲ್ಲ, ತೀರ್ಮಾನ ಕೊಡುವವಳು. ನನ್ನ ಪ್ರಶ್ನೆ ಒಂದೇ: ಅಲ್ಲಿ ಸಿಗುತ್ತಾ? ಸಿಗುತ್ತೆ ಅಂದರೆ ಕೆಂಪು.

ಮೊದಮೊದಲು ಈ ದೇಶಕ್ಕೆ ಬರುವವರ ಸಾಮಾನು ಬಿಚ್ಚುವುದೂ ನಮ್ಮ ಕೆಲಸವೇ ಆಗಿತ್ತು. ಆಗ ಎಲ್ಲ ಹೊತ್ತು ತರುತ್ತಿದ್ದರು. ಮೂರು ಕುಕ್ಕರು, ಸ್ಟೀಲಿನ ಡಬ್ಬಿ ಸಾಲು, ಇಡ್ಲಿ ಪಾತ್ರೆ, ಮಿಕ್ಸಿ. ಆ ಮಿಕ್ಸಿ ಇಲ್ಲಿನ ಕರೆಂಟಿಗೆ ಹಾಕಿದರೆ ಮುಲುಗುತ್ತದೆ, ತಿರುಗುವುದಿಲ್ಲ. ಅಲ್ಲಿ ಇನ್ನೂರಿಪ್ಪತ್ತು, ಇಲ್ಲಿ ನೂರಹತ್ತು. ಇದನ್ನು ಇಂಜಿನಿಯರುಗಳಿಗೇ ನಾನು ಹೇಳಬೇಕಾಗಿತ್ತು. ಆಮೇಲೆ ನೋವೈ, ನೇಪರ್‌ವಿಲ್ ಎಲ್ಲ ಕಡೆ ನಮ್ಮ ಅಂಗಡಿ ಬಂದವು. ಈಗ ಬರುವವರು ಎರಡು ಸೂಟ್‌ಕೇಸು, ಒಂದು ಲ್ಯಾಪ್‌ಟಾಪು. ಅಕ್ಕಿಹಿಟ್ಟು, ಜೋಳದ ಹಿಟ್ಟು, ದೋಸೆ ಹಂಚು ಎಲ್ಲ ಹೈವೇಯಲ್ಲಿ ಎರಡು ಎಕ್ಸಿಟ್ ಆಚೆ ಸಿಗುತ್ತದೆ. ಬಿಚ್ಚುವ ಸಂಭ್ರಮ ಹೋಯಿತು. ಪೆಟ್ಟಿಗೆ ತೆರೆದ ಕೂಡಲೇ ಯಾರದೋ ಅಮ್ಮನ ಸಾರಿನಪುಡಿ ಘಮ್ಮೆನ್ನುತ್ತಿತ್ತು, ಅದೂ ಹೋಯಿತು.

ವಾಪಸ್ ಹೋಗುವವರದು ಬೇರೆ ಕಥೆ. ಬರುವಾಗ ಅಲ್ಲಿಂದ ಎಲ್ಲ ತರುತ್ತಾರೆ, ಹೋಗುವಾಗ ಇಲ್ಲಿಂದ ಎಲ್ಲ ಒಯ್ಯುತ್ತಾರೆ. ನೇಪರ್‌ವಿಲ್‌ನಲ್ಲಿ ಒಬ್ಬರು ಮೈಸೂರಿಗೆ ಹೊರಟಿದ್ದರು. ಗ್ಯಾರೇಜಿನಲ್ಲಿದ್ದ ಹಿಮ ತಳ್ಳುವ ಮೆಷಿನ್ನಿಗೆ ಹಸಿರು ಚೀಟಿ ಅಂಟಿಸಿದ್ದರು.

"ಸಾರ್, ಮೈಸೂರಲ್ಲಿ ಯಾವಾಗ ಸ್ನೋ ಬಿದ್ದಿತ್ತು?" ಅಂದೆ.

"ಬೀಳಲ್ಲ ಗೌರಮ್ಮ. ಸುಮ್ನೆ ಇಟ್ಕೊಂಡು ನೋಡ್ತೀನಿ. ಹನ್ನೊಂದು ವಿಂಟರು ನನ್ನ ಬೆನ್ನು ಉಳಿಸಿದೆ ಅದು."

ಒಳಗಿನಿಂದ ಅವರ ಹೆಂಡತಿ ಕೂಗಿದರು: "ನನ್ನ ಬೆನ್ನು ಯಾರು ಉಳಿಸಿದ್ರು, ಅದನ್ನೂ ಸ್ವಲ್ಪ ಕೇಳಿ ಆಂಟಿ!"

ಕೆಂಪು ಚೀಟಿ. ಪೆಟ್ರೋಲ್ ಹಾಕಿದ ಮೆಷಿನ್ನನ್ನು ಹಡಗಿಗೆ ಹತ್ತಿಸುವುದೂ ಇಲ್ಲ, ಅದು ಬೇರೆ.

ಟ್ರಾಯ್ ಊರಿನಲ್ಲಿ ಒಬ್ಬ ಹುಡುಗಿ ಅರವತ್ತು ಖಾಲಿ ಮೊಸರಿನ ಡಬ್ಬಿ ಇಟ್ಟುಕೊಂಡಿದ್ದಳು, ಮುಚ್ಚಳದ ಸಮೇತ. ಪಿಎಚ್.ಡಿ. ಮಾಡಿದ ಹುಡುಗಿ. "ಬೆಂಗಳೂರಲ್ಲಿ ಡಬ್ಬಿ ಸಿಗಲ್ವೇನಮ್ಮ?" ಅಂದರೆ, "ಸಿಗತ್ತೆ ಆಂಟಿ, ಆದ್ರೆ ಇವು ನಂದು" ಅಂದಳು. ಒಂದೊಂದು ಡಬ್ಬಿಗೂ ಕಾಲುಚೀಲ, ಚಮಚ, ಗಾಜಿನ ಬಾಟಲಿ ತುಂಬಿ, ಪೆಟ್ಟಿಗೆಗಳ ಸಂದಿಗೆ ತುರುಕಿದೆ. ಅರವತ್ತೂ ಹೋದವು. ಹಲೀನಾ ಆಮೇಲೆ ಎಲ್ಲರಿಗೂ ಅದನ್ನೇ ಕಲಿಸಿದಳು. ಕಲಿಸುವಾಗ ನನ್ನ ಹೆಸರು ಹೇಳಲಿಲ್ಲ.

ಈಗಿನವರಿಗೆ ಇನ್ನೆರಡು ಮಾತು ಹೇಳಬೇಕು. ಕುಕ್ಕರಿನ ವೆಯ್ಟು, ರಬ್ಬರು ಎರಡನ್ನೂ ಬಿಚ್ಚಿ ಒಂದು ಕವರಿಗೆ ಹಾಕಿ ಕುಕ್ಕರಿನ ಹಿಡಿಗೇ ಟೇಪಿನಿಂದ ಸುತ್ತಿ. ಬೇರೆ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು, ಆ ಮನೆಯಲ್ಲಿ ಒಂದು ತಿಂಗಳು ಅನ್ನದ ಜೊತೆ ನಿಮ್ಮನ್ನೂ ಬೇಯಿಸುತ್ತಾರೆ. ಉಪ್ಪಿನಕಾಯಿಯನ್ನು ಬಟ್ಟೆಯ ಪೆಟ್ಟಿಗೆಗೆ ಎಂದೂ ಹಾಕಬೇಡಿ, ಎಷ್ಟು ಸುತ್ತಿದ್ದರೂ. ಒಬ್ಬರ ಧಾರೆ ಸೀರೆಗೆ ಮಾವಿನಕಾಯಿ ಉಪ್ಪಿನಕಾಯಿಯ ಎಣ್ಣೆ ಅಂಚಿನಿಂದ ಅಂಚಿಗೆ ಹರಡಿದ್ದನ್ನು ನಾನು ನೋಡಿದ್ದೇನೆ. ಆ ಹೆಂಗಸು ಅಳಲಿಲ್ಲ. ಬೆರಳು ಒತ್ತಿ ನೆಕ್ಕಿ, "ಚೆನ್ನಾಗಿ ಮಾಗಿದೆ" ಅಂದಳು. ಎಲ್ಲರೂ ಹಾಗಿರಲ್ಲ.

ಪಟ್ಟಿ ಬರೆಯುವುದೂ ಬದಲಾಯಿತು. ಮೊದಲು ಕಾರ್ಬನ್ ಕಾಗದ, ಪೆನ್ನು. ಒಬ್ಬರು ಕೂಗುವುದು, ಒಬ್ಬರು ಬರೆಯುವುದು. ಈಗ ಫೋನಿನಲ್ಲಿ ಫೋಟೋ, ಗೆರೆಗೆರೆ ಚೀಟಿ, ಟುಯ್ ಅನ್ನುವ ಸದ್ದು. ಒಳ್ಳೆಯದೇ. ಆ ಫೋನು ಆಗ ಇದ್ದಿದ್ದರೆ ನಾನು ಸುಳ್ಳು ಹೇಳಲು ಆಗುತ್ತಿರಲಿಲ್ಲ.

ವಿಮಲಾ ಧಾರವಾಡ ಕಡೆಯವಳು. ಗಂಡ ಬಸವರಾಜ ಕಾರಿನ ಇಂಜಿನಿಯರು. ಅವನ ಕಂಪನಿ ಊರ ಕಡೆ ಕಾರ್ಖಾನೆ ತೆರೆಯುತ್ತಿತ್ತು, ನೋಡಿಕೊಳ್ಳಲು ಹೊರಟಿದ್ದರು. ಒಂಬತ್ತು ವರ್ಷದ ಮಗಳು. ವಿಮಲಾಗೆ ಮತ್ತೆ ಆರು ತಿಂಗಳು ತುಂಬಿತ್ತು. ನಾವು ಮಾರ್ಚ್ ಕೊನೆಯಲ್ಲಿ ಎರಡು ದಿನದ ಕೆಲಸಕ್ಕೆ ಟ್ರಕ್ ತೆಗೆದುಕೊಂಡು ನೋವೈಗೆ ಹೋದೆವು, ನಾನು, ಹಲೀನಾ, ಮಾರ್ಕಸ್. ಐದು ಗಂಟೆಯ ದಾರಿ.

ಮೊದಲ ದಿನ ಮಗಳು ಒಂದು ಕೆಂಪು ಚೀಟಿ ಕದ್ದು ತನ್ನ ಅಂಗಿಗೇ ಅಂಟಿಸಿಕೊಂಡಳು. "ಐ ಆ್ಯಮ್ ಸ್ಟೇಯಿಂಗ್" ಅಂದಳು. ವಿಮಲಾ ಕಿತ್ತು ಹಸಿರು ಅಂಟಿಸಿ, "ಹೋಗು, ನಿನ್ನ ಬುಕ್ಸ್ ತಗೊಂಬಾ" ಅಂದಳು. ಒಳ್ಳೆಯ ಹೆಂಗಸು ಅನ್ನಿಸಿತು ನನಗೆ. ಕಡಿಮೆ ಮಾತು. ಸೋಫಾ ಬಿಡಿ ಅಂದೆ, ಬಿಟ್ಟಳು. ವಾಷಿಂಗ್ ಮೆಷಿನ್ ಬಿಡಿ ಅಂದೆ, ಬಿಟ್ಟಳು. ವಾದವೇ ಮಾಡದ ಮನೆ ಅದು.

ಎರಡನೇ ದಿನ ಅವಳು ಡಾಕ್ಟರ ಹತ್ತಿರ ಕೊನೆಯ ಸಲ ತೋರಿಸಿಕೊಂಡು ಬರಲು ಗಂಡನ ಜೊತೆ ಹೋದಳು. ನಾವು ಟ್ರಕ್ ತುಂಬುತ್ತಿದ್ದೆವು. ಅವಳೇ ಕೈಯಾರೆ ಕಟ್ಟಿಟ್ಟ ಒಂದು ಪೆಟ್ಟಿಗೆ ಎತ್ತಿದೆ, ತಳ ಜಗ್ಗಿತು. ಬಿಚ್ಚಿ ನೋಡಿದರೆ ಪಿಂಗಾಣಿ ಬಟ್ಟಲುಗಳ ಜೊತೆ, ಹಳೇ ಕೌದಿಯ ತುಂಡಿನಲ್ಲಿ ಸುತ್ತಿದ ಒಂದು ಗುಂಡುಕಲ್ಲು. ಚಿಕ್ಕದು, ಸುಲಿದ ತೆಂಗಿನಕಾಯಿ ಗಾತ್ರ, ಕಪ್ಪು, ನುಣುಪು. ಮೇಲೆ ಹಸಿರು ಚೀಟಿ. ಒರಳು ಎಲ್ಲಿ ಅಂತ ಅತ್ತಿತ್ತ ಹುಡುಕಿದೆ. ಒರಳು ಇಲ್ಲ. ಒರಳಿಲ್ಲದ ಗುಂಡಿನಲ್ಲಿ ಏನು ರುಬ್ಬುತ್ತಾರೆ? ಧಾರವಾಡದಲ್ಲಿ ಕಲ್ಲಿಗೆ ಬರವೇ? ಮೇಲಾಗಿ ಬಟ್ಟಲಿನ ಜೊತೆ ಕಲ್ಲು ಕಟ್ಟಿದ್ದಾಳೆ, ಹಡಗು ಒಮ್ಮೆ ಕುಲುಕಿದರೆ ಬಟ್ಟಲು ಪುಡಿ.

"ಅದೇನು?" ಅಂದ ಮಾರ್ಕಸ್.

"ಕಲ್ಲು."

"ಹೋಗುತ್ತಾ?"

"ಇಲ್ಲ."

ಮನೆ ಮುಂದೆ ಪಾತಿಯಲ್ಲಿ ಉರುಟು ಕಲ್ಲುಗಳನ್ನು ಅಂದಕ್ಕೆ ಹರಡಿದ್ದರು. ಅವುಗಳ ನಡುವೆ ಇದನ್ನೂ ಇಟ್ಟೆ. ಕೌದಿ ತುಂಡನ್ನು ಬಟ್ಟಲುಗಳ ಸುತ್ತ ತುರುಕಿದೆ, ಪೆಟ್ಟಿಗೆ ಮತ್ತೆ ಕಟ್ಟಿದೆ. ವಿಮಲಾ ಬಂದಾಗ ಹೇಳಲು ಮರೆತೆ ಅಂತ ಬರೆಯಬಹುದು. ಮರೆಯಲಿಲ್ಲ. ಹೇಳಿದರೆ ಬೇಕು ಅನ್ನುತ್ತಾಳೆ, ಮತ್ತೆ ಬಿಚ್ಚಬೇಕು, ಹೊತ್ತಾಗುತ್ತೆ ಅಂತ ಹೇಳಲಿಲ್ಲ. ಹಲೀನಾ ಪಟ್ಟಿ ಹಿಡಿದು, "ಎಲ್ಲ ಹತ್ತಿತಾ ಗೋರಿ?" ಅಂದಳು. ಹತ್ತಿತು ಅಂದೆ. ಸಹಿ ಹಾಕಿದಳು.

ಮೂರು ತಿಂಗಳ ಮೇಲೆ ಹಲೀನಾ ಆ ಪಟ್ಟಿ ಹಿಡಿದು ನನ್ನ ಮೇಜಿಗೆ ಬಂದಳು. ಸಾಮಾನು ಧಾರವಾಡ ಮುಟ್ಟಿದೆ, ಎಲ್ಲ ಸರಿ ಇದೆ, ಒಂದು ಕಲ್ಲು ಇಲ್ಲವಂತೆ, ವಿಮಲಾ ಫೋನ್ ಮಾಡಿದ್ದಳಂತೆ.

"ಹಾಕಿದ್ವಿ" ಅಂದೆ. ಬಾಯಿಗೆ ಬಂದದ್ದು ಅದೇ.

"ಗೋರಿ ಹಾಕಿದ್ದಾಳೆ ಅಂದರೆ ಹಾಕಿದ್ದಾಳೆ" ಅಂತ ಹಲೀನಾ ಹೋಗಿ ಬಂದರಿನವರಿಗೆ ಕಾಗದ ಬರೆದಳು. ಏಜೆಂಟರ ಜೊತೆ ಜಗಳ ಆಡಿದಳು. ಗಾಜು ಬಿಟ್ಟು ಕಲ್ಲು ಕದಿಯುವ ಕಳ್ಳರು ನಿಮ್ಮಲ್ಲಿ ಇದ್ದಾರೇನು ಅಂತ ಫೋನಿನಲ್ಲಿ ಕಿರುಚಿದ್ದು ನನ್ನ ಮೇಜಿನವರೆಗೂ ಕೇಳಿಸಿತು. ನಾನು ತಟ್ಟೆಗೆ ಕಾಗದ ಸುತ್ತುತ್ತಾ ಇದ್ದೆ. ನಿಜ ಹೇಳುತ್ತೇನೆ, ಆಗಲೂ ನನಗೆ ಸಿಟ್ಟು ಬಂದದ್ದು ವಿಮಲಾ ಮೇಲೆ. ಒಂದು ಕಲ್ಲಿಗೆ ಇಷ್ಟು ರಂಪವೇ ಅಂತ.

ಆಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಅವಳು ನನಗೇ ಫೋನ್ ಮಾಡಿದಳು. ನನ್ನ ನಂಬರು ಇಟ್ಟುಕೊಂಡಿದ್ದಳು.

"ಗೌರಮ್ಮ ಆಂಟಿ, ಗಂಡಮಗು ಆಗೇತ್ರಿ. ಇಬ್ರೂ ಆರಾಮ ಇದೀವಿ."

ಒಳ್ಳೆಯದಾಯಿತು ತಾಯಿ ಅಂದೆ.

"ಬರೋ ಸೋಮವಾರ ಬಿಟ್ಟು ಆಚಿ ಸೋಮವಾರ ತೊಟ್ಟಲಾ ಇಟ್ಕೊಂಡೀವಿ. ಆ ಗುಂಡಕಲ್ಲು ಸಿಕ್ತೇನ್ರಿ? ನಮ್ಮ ಮನೆಯವ್ರನ್ನ ತೊಟ್ಟಲದಾಗ ಹಾಕೂಮುಂದ ಅದನ್ನ ಹಾಕಿದ್ರಂತ. ಅವರ ಅಣ್ಣ ತಮ್ಮ ಎಲ್ಲಾರಿಗೂ ಅದ. ನನ್ನ ಮಗಳಿಗೆ ಅಂತ ನಮ್ಮತ್ತಿ ವಿಮಾನದಾಗ ಹೊತ್ಕೊಂಡು ನೋವೈಗೆ ಬಂದಿದ್ರು. ಚೆಕಿಂಗ್‌ದಾಗ ಹಿಡದು ಇದೇನು ಅಂತ ಒಂದು ತಾಸು ಕುಂಡ್ರಿಸಿದ್ರಂತ. ನಡುವ ಎರಡು ಸಲ ನಂದು ನಿಲ್ಲಲಿಲ್ಲ ಆಂಟಿ. ಇದು ನಿಂತೈತಿ. ಅದಕ್ಕ ಕೇಳಾಕತ್ತೀನಿ."

"ಹುಡುಕ್ತಿದ್ದಾರಮ್ಮ" ಅಂದೆ.

ಫೋನ್ ಇಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ನಮ್ಮ ಕಡೆ ಹೆಸರಿಡುವ ದಿನ ಕೂಸನ್ನು ನೇರವಾಗಿ ತೊಟ್ಟಿಲಿಗೆ ಹಾಕುವುದಿಲ್ಲ. ಮೊದಲು ಗುಂಡುಕಲ್ಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕೂಸಿನದೇ ಕುಲಾವಿ ಹಾಕಿ ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ, ಬೀಳುವ ಕಣ್ಣು ಮೊದಲು ಕಲ್ಲಿನ ಮೇಲೆ ಬೀಳಲಿ ಅಂತ. ಆಮೇಲೆ ಕಲ್ಲು ತೆಗೆದು ಕೂಸು ಹಾಕುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಚಿಕ್ಕ ಗುಂಡು, ಒರಳಿಲ್ಲ, ಕೌದಿಯಲ್ಲಿ ಸುತ್ತಿದೆ, ಆರು ತಿಂಗಳ ಬಸುರಿ ಕೈಯಾರೆ ಕಟ್ಟಿದ್ದಾಳೆ. ಇನ್ನು ಯಾರು ಬಂದು ನನಗೆ ಬಿಡಿಸಿ ಹೇಳಬೇಕಿತ್ತು?

ಆ ಭಾನುವಾರ ನಮ್ಮ ಮನೆಯವರಿಗೆ, "ನೋವೈ ದೇವಸ್ಥಾನಕ್ಕೆ ಹೋಗಿ ಬರೋಣ" ಅಂದೆ.

"ದೇವರಿಗೋಸ್ಕರ ಐದು ಗಂಟೆ ಕಾರಲ್ಲಿ ಕೂರೋ ಹೆಂಗಸಲ್ಲ ನೀನು. ಏನು ಮಾಡ್ಕೊಂಡಿದೀಯ ಹೇಳು" ಅಂದರು.

ಹೇಳಿದೆ. ಕಾರಿನ ಕೀ ತೆಗೆದುಕೊಂಡರು.

ಆ ಮನೆ ಮುಂದೆ ಇಳಿದರೆ ಪಾತಿಯ ತುಂಬ ಕಪ್ಪು ಮರದ ಚಕ್ಕೆ ಹರಡಿತ್ತು. ಒಂದು ಕಲ್ಲಿಲ್ಲ. ಮನೆ ಕೊಂಡವನು ಬಿಳಿಯ, ಹೋಸ್ ಪೈಪು ಹಿಡಿದು ಗಿಡಕ್ಕೆ ನೀರು ಬಿಡುತ್ತಿದ್ದ. ಒಳ್ಳೆಯ ಮನುಷ್ಯ. ತೋಟದ ಕೆಲಸದವರು ಕಲ್ಲೆಲ್ಲ ತೆಗೆದು ಟ್ರಕ್ಕಿಗೆ ತುಂಬಿಕೊಂಡು ಹೋದರು, ಎರಡು ವಾರ ಆಯಿತು, ಎಲ್ಲಿ ಸುರಿದರೋ ಗೊತ್ತಿಲ್ಲ ಅಂದ. ಕೆಲಸದವರಿಗೆ ನನ್ನ ಎದುರಿಗೇ ಫೋನ್ ಮಾಡಿದ. ಅವರಿಗೂ ಗೊತ್ತಿರಲಿಲ್ಲ. ಆದರೂ ನಾನು ಮೊಣಕಾಲೂರಿ ಚಕ್ಕೆಯೊಳಗೆ ಕೈ ಹಾಕಿ, ಪಾತಿಯ ಆ ತುದಿಯಿಂದ ಈ ತುದಿಯವರೆಗೆ ತಡಕಿದೆ. ಅವನು ಪೈಪು ಬಂದ್ ಮಾಡಿ, ತಾನೂ ಇನ್ನೊಂದು ಕಡೆಯಿಂದ ತಡಕಿದ. ಒಂದು ಕಲ್ಲು ಯಾಕೆ ಬೇಕು ಅಂತ ಅವನು ಕೇಳಲಿಲ್ಲ.

"ಇನ್ನು?" ಅಂದರು ನಮ್ಮ ಮನೆಯವರು, ಕಾರಿನಲ್ಲಿ.

"ಇನ್ನೇನು."

ಬರುವಾಗ ದೇವಸ್ಥಾನದ ಮುಂದೆಯೇ ಹಾದು ಬಂದೆವು. ನಿಲ್ಲಿಸಿ ಅಂತ ನಾನೂ ಅನ್ನಲಿಲ್ಲ, ನಿಲ್ಲಿಸಲಾ ಅಂತ ಅವರೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೆ ಹಲೀನಾ ಚೀಲ ಕೆಳಗಿಡುವ ಮೊದಲೇ ಎಲ್ಲ ಹೇಳಿದೆ. ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು.

"ಗೋರಿ," ಅಂದಳು, "ನಿಮ್ಮವರ ಸಾಮಾನು ನನಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಒಂದನ್ನೂ ಬಿಸಾಡಿಲ್ಲ. ನೀನು ಗೊತ್ತಿದ್ದೂ ಬಿಸಾಡಿದೆ."

ನಾನು ಕೈಯಲ್ಲಿದ್ದ ಟೇಪು ಮೇಜಿನ ಮೇಲಿಟ್ಟೆ.

"ಬಂದರಿನವನಿಗೆ ಕಳ್ಳ ಅಂದಿದ್ದೇನೆ. ಅದು ನನ್ನ ತಲೆನೋವು. ನೀನು ಆ ಹುಡುಗಿಗೆ ಫೋನ್ ಮಾಡು. ಈಗಲೇ. ನನ್ನ ಎದುರಿಗೆ."

ಅಲ್ಲಿ ಆಗ ಸಂಜೆ. ವಿಮಲಾ ಎತ್ತಿದಳು. ಹಿಂದೆ ಕೂಸಿನ ಅಳು. ನಾನು ಸುತ್ತಿ ಬಳಸಿ ಮಾತಾಡಲಿಲ್ಲ. "ವಿಮಲಾ, ಆ ಕಲ್ಲು ಕಳೆದಿಲ್ಲ. ನೀನು ಡಾಕ್ಟರ ಹತ್ತಿರ ಹೋದಾಗ ನಾನೇ ತೆಗೆದು ಹೊರಗಿಟ್ಟೆ. ನಿನ್ನೆ ಹೋಗಿ ಹುಡುಕಿದೆ, ಸಿಗಲಿಲ್ಲ. ಇನ್ನು ಸಿಗೋದೂ ಇಲ್ಲ" ಅಂದೆ. ಬೈಯಲಿ ಅಂತ ಕಾದೆ. ಫೋನು ಕೈ ಬದಲಾದ ಸದ್ದು. ಆಮೇಲೆ ಒಂದು ಮುದಿ ದನಿ. ಅವಳ ಅತ್ತೆ ನೀಲವ್ವ.

"ಏನವಾ, ಯಾವೂರಾಕಿ ನೀ?"

"ಅರಸೀಕೆರೆ ಕಡೆಯವಳು, ಅಮ್ಮ."

"ಆ ಕಡೆ ಮಂದಿ ಕೂಸಿಗೆ ತೊಟ್ಟಲಾ ಕಟ್ಟೂದಿಲ್ಲೇನು?"

"ಕಟ್ತೀವಿ."

"ಕಟ್ಟಿದಮ್ಯಾಲ ಮೊದಲ ಏನ್ ಹಾಕ್ತೀರಿ ಅದರಾಗ?"

"ಗುಂಡುಕಲ್ಲು."

"ನಿನಗ ಮಕ್ಕಳೆಷ್ಟು?"

"ಮೂರು. ಮೊಮ್ಮಕ್ಕಳು ನಾಲ್ಕು."

"ಅವುಕ ಹಾಕಿದ್ದ ಕಲ್ಲು ಎಲ್ಲೈತಿ ಈಗ?"

ಇದನ್ನು ಯಾರೂ ಕೇಳಿರಲಿಲ್ಲ ನನ್ನನ್ನು. ಈ ದೇಶಕ್ಕೆ ಬರುವಾಗ ಒಬ್ಬರಿಗೆ ಒಂದೇ ಸೂಟ್‌ಕೇಸು ಅಂದಿದ್ದರು. ನಾನು ನಾಲ್ಕು ರೇಷ್ಮೆ ಸೀರೆ ತೆಗೆದು ತಂಗಿಗೆ ಕೊಟ್ಟು, ಆ ಜಾಗದಲ್ಲಿ ನಮ್ಮತ್ತೆ ಕೊಟ್ಟ ಗುಂಡುಕಲ್ಲು ಇಟ್ಟುಕೊಂಡು ಬಂದಿದ್ದೆ. ಅಲ್ಲಿ ಸಿಗುತ್ತಾ ಅಂತ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಅದರಲ್ಲೇ ದಿನಾ ಮೆಣಸು, ಜೀರಿಗೆ ಕುಟ್ಟುತ್ತಿದ್ದೆ. ನಾಲ್ಕು ಮೊಮ್ಮಕ್ಕಳಿಗೂ ತೊಳೆದು ತೊಟ್ಟಿಲಿಗೆ ಹಾಕಿದ್ದೆ, ಮತ್ತೆ ಒಲೆ ಪಕ್ಕಕ್ಕೆ ತಂದಿಟ್ಟಿದ್ದೆ.

"ನನ್ನ ಹತ್ತಿರಾನೇ ಇದೆ" ಅಂದೆ. "ಅಡಿಗೆಮನೇಲಿ."

"ಹಂಗಾರ ಅದನ್ನ ಕಳಸು ನಮಗ. ನೀ ಅಲ್ಲೆ ಬ್ಯಾರೆ ಒಂದು ತಗೊ. ಎಲ್ಲಾ ಸಿಗತೈತಂತಲ್ಲ ಅಮೇರಿಕಾದಾಗ."

"ಅದನ್ನ ಹೇಗಮ್ಮ ಕಳಿಸಲಿ?" ಯೋಚನೆಗಿಂತ ಮೊದಲೇ ಬಾಯಿ ಆಡಿಬಿಟ್ಟಿತು.

ನೀಲವ್ವ ನಕ್ಕಳು. ಹಲ್ಲಿಲ್ಲದ ನಗು, ಫೋನಿನಲ್ಲೇ ಗೊತ್ತಾಗುತ್ತಿತ್ತು.

"ಕೇಳಿದ್ಯಾ ವಿಮಲಾ? ಆಕಿಗೂ ಗೊತ್ತೈತಿ." ಆಮೇಲೆ ನನಗೆ: "ಇರಲಿ ಬಿಡವಾ. ಇಡು ಫೋನು. ಕೂಸು ಅಳಾಕತ್ತೈತಿ."

ಇಟ್ಟಳು.

ಹಲೀನಾ ನನ್ನ ಮುಖ ನೋಡುತ್ತಾ ನಿಂತಿದ್ದಳು. ಏನಂದರು ಅಂತ ಕೇಳಿದಳು. ಏನೂ ಇಲ್ಲ ಅಂದೆ. ಆ ದಿನ ಮೂವತ್ತೆರಡು ಪೆಟ್ಟಿಗೆ ಕಟ್ಟಿದೆ. ಮನೆಗೆ ಹೋಗಿ ಅಡಿಗೆ ಮಾಡಿದೆ. ಸಾರಿಗೆ ಮೆಣಸು ಕುಟ್ಟಲಿಲ್ಲ. ನಮ್ಮ ಮನೆಯವರು ಒಂದು ತುತ್ತು ಉಂಡು, "ಇವತ್ತು ಸಾರು ಏನೋ ಕಡಿಮೆ" ಅಂದರು. ಉಣ್ಣಿ ಅಂದೆ.

ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಕಲ್ಲನ್ನು ಬಿಸಿನೀರಿನಲ್ಲಿ ಸೀಗೆಪುಡಿ ಹಾಕಿ ಉಜ್ಜಿದೆ, ಮೆಣಸಿನ ಘಾಟು ಹೋಗುವವರೆಗೆ. ನನ್ನ ಹಳೇ ಕಾಟನ್ ಸೀರೆ ಹರಿದು ಎರಡು ಸುತ್ತು ಸುತ್ತಿದೆ. ಗೋಡೌನಿಗೆ ಒಯ್ದು, ಗುಳ್ಳೆ ಪ್ಲಾಸ್ಟಿಕ್ ನಾಲ್ಕು ಸುತ್ತು ಹಾಕಿ, ಪುಸ್ತಕದ ಚಿಕ್ಕ ಪೆಟ್ಟಿಗೆಯಲ್ಲಿ ಅಲುಗದಂತೆ ಕಾಗದ ಬಿಗಿದು ಕೂರಿಸಿದೆ. ಹಡ‌ಗಿಗಲ್ಲ, ವಿಮಾನಕ್ಕೆ. ಶನಿವಾರಕ್ಕೆ ಮುಟ್ಟುತ್ತೆ ಅಂದರು. ಹಲೀನಾ ಫಾರಂ ತುಂಬಲು ಕೂತಳು. ಪೆಟ್ಟಿಗೆಯೊಳಗೆ ಒಮ್ಮೆ ಇಣುಕಿ, 'ಅಡಿಗೆಮನೆ ಸಾಮಾನು' ಅನ್ನುವ ಕಡೆ ಗುರುತು ಹಾಕಲು ಪೆನ್ನು ಒಯ್ದಳು.

"ಅಲ್ಲಿ ಅಲ್ಲ" ಅಂದೆ. "ಕೆಳಗೆ ಇದೆ ನೋಡು, ಮಗುವಿನ ಸಾಮಾನು. ಅಲ್ಲಿ ಹಾಕು."

ಹಾಕಿದಳು. ನಾನು ಟೇಪು ಎಳೆದೆ.